ಸರ್ಟಿಫಿಕೇಟ್ ದಿಲ್ಲಿದು, ಮರ್ಯಾದೆ ಗೆಳೆಯರದು

ನಿಮ್ಮ ರೆಸ್ಯೂಮೆ ಒಮ್ಮೆ ತೆರೆದು ಕೊನೆಯ ಪುಟ ನೋಡಿ. ಶಾಲೆಯಲ್ಲಿ ಸ್ಕೌಟ್ಸ್ ಅಥವಾ ಗೈಡ್ಸ್‌ನಲ್ಲಿ ಇದ್ದವರಾದರೆ, ಹವ್ಯಾಸಗಳ ಸಾಲಿಗೆ ಸ್ವಲ್ಪ ಮೇಲೆ "ರಾಜ್ಯ ಪುರಸ್ಕಾರ ಪಡೆದಿದ್ದೇನೆ" ಅಂತ ಒಂದು ಸಾಲು ಇರುತ್ತೆ. ಇಂಟರ್‌ವ್ಯೂನಲ್ಲಿ ಅದರ ಬಗ್ಗೆ ಯಾರೂ ಕೇಳೋದಿಲ್ಲ. ಕೇಳಿದರೂ "ಓಹ್, ಎನ್‌ಸಿಸಿ ಥರಾನಾ?" ಅಂತಾರೆ. ನಾವೂ "ಹೂಂ, ಹಾಗೇ" ಅಂದು ಮುಂದಿನ ಪ್ರಶ್ನೆಗೆ ಹೋಗಿಬಿಡ್ತೀವಿ.

ಈ ವಾರದ ಅಂಕಣ ಆ ಒಂದು ಸಾಲಿನ ಬಗ್ಗೆ. ಆ ಪುರಸ್ಕಾರ ಎಲ್ಲಿಂದ ಬಂತು, ಕಲಬುರಗಿಗೆ ಹೇಗೆ ಬಂತು, ಅದನ್ನು ಕೊಡಬೇಕಾದವರು ನಿಜವಾಗಿ ಯಾರು ಅನ್ನೋದರ ಬಗ್ಗೆ.

ಈ ಪ್ರಶ್ನೆ ಎಬ್ಬಿಸಿದವಳು ನಮ್ಮ ದೊಡ್ಡವ್ವನ ಮಗಳು. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ ಮಗನನ್ನ ಮುಂದೆ ನಿಲ್ಲಿಸಿದಳು. ಹೆಗಲ ಮೇಲಿಂದ ಸೊಂಟದವರೆಗೆ ಒಂದು ಬಿಳಿ ಪಟ್ಟಿ, ಅದರ ಮೇಲೆ ಕೆಂಪು ಬಾಣ.

"ಏನಕ್ಕಾ ಇದು, ಮದುವಿ ಮನಿ ಶಲ್ಯ ಇದ್ದಂಗ ಅದಲ್ಲ?" ಅಂದೆ.

"ಶಲ್ಯ ಅಲ್ಲ. ಆರ್ಡರ್ ಆಫ್ ದಿ ಆರೋ ಅಂತ. ಇವನ ಟ್ರೂಪಿನ ಹುಡುಗ್ರೇ ವೋಟ್ ಹಾಕಿ ಇವನ್ನ ಆರಿಸ್ಯಾರ. ನಮ್ಮ ಕಾಕಾನ ದಳದಾಗೂ ಹಿಂಗ ಏನರ ಇತ್ತೇನು? ಕೇಳಿ ಹೇಳು" ಅಂದಳು.

ನಮ್ಮ ಕಾಕಾ ಕಮಲಾಪುರದಲ್ಲಿ ಮೇಷ್ಟ್ರಾಗಿದ್ದವರು. ಹತ್ತು ಹನ್ನೆರಡು ವರ್ಷ ಅಲ್ಲಿ ಸ್ಕೌಟ್ ದಳ ನಡೆಸಿದವರು. ಈಗ ನಿವೃತ್ತರಾಗಿ ಕಲಬುರಗಿಯ ಮನೆಯಲ್ಲಿದ್ದಾರೆ. ಅವರ ಹತ್ತಿರ ಹೋಗೋ ಮೊದಲು ಅಕ್ಕನ ಮಗನ ಹೆಗಲ ಮೇಲಿದ್ದ ಆ ಬಾಣದ ಕಥೆ ತಿಳ್ಕೊಂಡೆ. ಅದನ್ನೇ ಮೊದಲು ಹೇಳ್ತೀನಿ.

ವೋಟು ಹಾಕೋರು ಗೆಳೆಯರು

1915ರ ಜುಲೈ. ಅಮೆರಿಕದ ಡೆಲವೇರ್ ನದಿಯಲ್ಲಿ ಟ್ರೆಷರ್ ಐಲ್ಯಾಂಡ್ ಅನ್ನೋ ಒಂದು ನಡುಗಡ್ಡೆ. ಫಿಲಡೆಲ್ಫಿಯಾದ ಸ್ಕೌಟ್ ಹುಡುಗರ ಬೇಸಿಗೆ ಶಿಬಿರ ಅಲ್ಲಿ ನಡೀತಿತ್ತು. ಶಿಬಿರ ನೋಡ್ಕೊಳ್ತಿದ್ದವರು ಇ. ಅರ್ನರ್ ಗುಡ್‌ಮನ್, ಜೊತೆಗೆ ಸಹಾಯಕರಾಗಿ ಕ್ಯಾರಲ್ ಎಡ್ಸನ್. ಶಿಬಿರದಲ್ಲಿ ನಿಜವಾಗಿ ಒಳ್ಳೆಯವನಾಗಿ ನಡ್ಕೊಂಡ ಹುಡುಗನಿಗೆ ಏನಾದರೂ ಗೌರವ ಕೊಡಬೇಕು ಅಂತ ಇಬ್ಬರಿಗೂ ಅನಿಸಿತು. ಆದರೆ ಅವನನ್ನ ಗುರುತಿಸೋದು ಯಾರು? ದೊಡ್ಡವರ ಕಣ್ಣಿಗೆ ಚುರುಕಾಗಿ ಸಲ್ಯೂಟ್ ಹೊಡೆಯೋನೇ ಒಳ್ಳೆಯವನು. ಟೆಂಟ್ ಒಳಗೆ ಅವನು ಹೇಗಿರ್ತಾನೆ ಅಂತ ಪಕ್ಕದಲ್ಲಿ ಮಲಗಿದವನಿಗೆ ಮಾತ್ರ ಗೊತ್ತು.

ಅದಕ್ಕೇ ಆರಿಸೋ ಕೆಲಸವನ್ನ ಹುಡುಗರಿಗೇ ಬಿಟ್ಟರು. ಇವತ್ತಿಗೂ ಅದೇ ಪದ್ಧತಿ. ಹುಡುಗ ಕನಿಷ್ಠ 15 ರಾತ್ರಿ ಶಿಬಿರದಲ್ಲಿ ಕಳೆದಿರಬೇಕು, ಒಂದು ಹಂತದ ಪರೀಕ್ಷೆ ಮುಗಿಸಿರಬೇಕು, ಸ್ಕೌಟ್ ಮಾಸ್ಟರ್ ಒಪ್ಪಿರಬೇಕು. ಆಮೇಲೆ ಇಡೀ ದಳ ವೋಟ್ ಹಾಕುತ್ತೆ. ವೋಟ್ ಹಾಕೋರಲ್ಲಿ ಹೆಚ್ಚಿನವರು ಈ ಗೌರವ ಇನ್ನೂ ಸಿಗದವರು. ಇದು ನನಗೆ ತುಂಬ ಹಿಡಿಸಿತು. ಸಾಮಾನ್ಯವಾಗಿ ಕ್ಲಬ್ಬಿನ ಒಳಗಿದ್ದವರು ಹೊರಗಿನವರನ್ನ ಆರಿಸ್ತಾರೆ. ಇಲ್ಲಿ ಹೊರಗಿದ್ದವರು ತಮ್ಮಲ್ಲೊಬ್ಬನನ್ನ ಒಳಗೆ ಕಳಿಸ್ತಾರೆ.

ಆಯ್ಕೆಯಾದವನಿಗೆ ಹಾರ ತುರಾಯಿ ಏನೂ ಇಲ್ಲ. ಒಂದು ರಾತ್ರಿ ಬಯಲಲ್ಲಿ ಒಬ್ಬನೇ ಮಲಗಬೇಕು. ಮಾರನೇ ದಿನ ಮಾತಾಡದೆ, ಅರೆಹೊಟ್ಟೆ ಉಂಡು, ಶಿಬಿರದ ಕೆಲಸ ಮಾಡಬೇಕು. ಕಾಲುದಾರಿ ಸರಿ ಮಾಡೋದು, ಕಟ್ಟಿಗೆ ಹೊರೋದು, ಇಂಥವು. ಅಂದರೆ ಗೌರವದ ಮೊದಲ ಕಂತು ಚಾಕರಿ.

1934ರಲ್ಲಿ ಅಮೆರಿಕದ ಸ್ಕೌಟ್ ಸಂಸ್ಥೆ ಇದಕ್ಕೆ ಮಾನ್ಯತೆ ಕೊಟ್ಟಿತು. ಈಗ ಅಲ್ಲಿ ಒಂದೊಂದು ಪ್ರದೇಶಕ್ಕೆ ಒಂದೊಂದು ಲಾಡ್ಜ್, ಅದರ ಕೆಳಗೆ ಊರೂರಿನ ಚಾಪ್ಟರ್. ಪ್ರತಿ ಚಾಪ್ಟರ್‌ಗೂ ತನ್ನದೇ ಚರಿತ್ರೆ. ಯಾವ ವರ್ಷ ಯಾರು ಆರಿಸಿ ಬಂದರು, ಯಾರು ಎಷ್ಟು ವರ್ಷ ಶಿಬಿರದ ಬಾವಿ ತೋಡಿದರು ಅನ್ನೋದೆಲ್ಲ ಬರೆದಿಡ್ತಾರೆ. 2019ರಿಂದ ಹುಡುಗಿಯರೂ ಈ ಗೌರವಕ್ಕೆ ಅರ್ಹರಾದರು.

ಅದರಲ್ಲಿ ಎಲ್ಲವೂ ಚಂದ ಅಂತೇನಿಲ್ಲ. ಅಲ್ಲಿನ ಮೂಲನಿವಾಸಿ ಲೆನಾಪೆ ಜನರ ಕಥೆ, ವೇಷಗಳನ್ನ ತಮ್ಮ ಆಚರಣೆಗೆ ಎತ್ತಿಕೊಂಡರು ಅಂತ ಟೀಕೆ ಇದೆ. ವೋಟ್ ಅಂದಮೇಲೆ ಜಾಸ್ತಿ ಗೆಳೆಯರಿದ್ದವನೇ ಗೆಲ್ಲೋ ಅಪಾಯವೂ ಇದೆ. ಕ್ಲಾಸ್ ಲೀಡರ್ ಚುನಾವಣೆ ನೋಡಿದ ನಮಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ಎರಡು ಮಾತು ನನ್ನ ತಲೇಲಿ ಉಳಿದವು. ಆರಿಸೋರು ಗೆಳೆಯರು, ಆರಿಸಿದ ವಿಷಯವನ್ನ ಬರೆದಿಡೋದು ಊರಿನವರು.

ನಮ್ಮ ಕಡೆ ಬಂದದ್ದು ಹೇಗೆ

ಭಾರತದಲ್ಲಿ ಸ್ಕೌಟಿಂಗ್ ಶುರುವಾದದ್ದು ನಮ್ಮ ಬೆಂಗಳೂರಿನಿಂದ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನ ಕಟ್ಟಿಕೊಂಡು ಮೊದಲ ಶಿಬಿರ ಮಾಡಿದ್ದರು. ಎರಡೇ ವರ್ಷಕ್ಕೆ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಬೆಂಗಳೂರಿನಲ್ಲಿ ದಳ ಕಟ್ಟಿದರು. ಹುಡುಗಿಯರ ಗೈಡ್ ಕಂಪನಿ 1911ರಲ್ಲಿ ಜಬಲ್‌ಪುರದಲ್ಲಿ ಶುರುವಾಯಿತು.

ಆದರೆ ಆಗ ಅದು ಇಂಗ್ಲಿಷರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳನ್ನ ಸೇರಿಸ್ತಿರಲಿಲ್ಲ. 1916ರಲ್ಲಿ ಆನಿ ಬೆಸೆಂಟ್ ಮತ್ತು ಜಿ.ಎಸ್. ಅರುಂಡೇಲ್ ಮದ್ರಾಸಿನಲ್ಲಿ ಭಾರತೀಯ ಹುಡುಗರಿಗಾಗಿಯೇ ಬೇರೆ ಸಂಸ್ಥೆ ಕಟ್ಟಿದರು. ಆ ಹುಡುಗರು ಹ್ಯಾಟ್ ಬದಲು ಪೇಟ ಸುತ್ತಿದರು. ಅಲಹಾಬಾದ್ ಕಡೆ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ಸ್ ಕಟ್ಟಿದರು. 1937ರಲ್ಲಿ ದಿಲ್ಲಿ ಜಾಂಬೂರಿಗೆ ಬಂದು ಹೋದ ಬೇಡನ್ ಪೊವೆಲ್ ಭಾರತೀಯರ ಗುಣದ ಬಗ್ಗೆ ಆಡಿದ ಮಾತು ಇಲ್ಲಿನವರಿಗೆ ಚುಚ್ಚಿತು. ಮರುವರ್ಷ ಹಿಂದೂಸ್ತಾನ್ ಸ್ಕೌಟ್ ಸಂಸ್ಥೆ ಹುಟ್ಟಿತು.

ಸ್ವಾತಂತ್ರ್ಯ ಬಂದಾಗ ಹೀಗೆ ಮೂರು ನಾಲ್ಕು ಬಣ್ಣದ ಸ್ಕೌಟುಗಳಿದ್ದರು. ನೆಹರೂ, ಮೌಲಾನಾ ಆಜಾದ್ ಅವರೆಲ್ಲ ಮುಂದಾಗಿ ಒಂದುಗೂಡಿಸಿದರು. 1950ರ ನವೆಂಬರ್ 7ಕ್ಕೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿತು. ಗೈಡ್ಸ್ ಬಂದು ಸೇರಿದ್ದು 1951ರ ಆಗಸ್ಟ್ 15ಕ್ಕೆ.

ಈಗ ನಕಾಶೆಯಲ್ಲಿ ಕಲಬುರಗಿ ಎಲ್ಲಿತ್ತು ಅಂತ ನೆನಪಿಸ್ಕೊಳ್ಳಿ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಸಂಸ್ಥಾನದವರು. 1950ರಲ್ಲಿ ದಿಲ್ಲಿಯಲ್ಲಿ ಸ್ಕೌಟುಗಳೆಲ್ಲ ಒಂದಾದಾಗ ಗುಲ್ಬರ್ಗ ಹೈದರಾಬಾದ್ ರಾಜ್ಯದ ಜಿಲ್ಲೆ. ಬೆಂಗಳೂರು ಬೇರೆ ರಾಜ್ಯ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಶಾಲೆ, ಕಚೇರಿ, ಕಾಗದಪತ್ರ ಎಲ್ಲವೂ ಹೈದರಾಬಾದ್ ದಾರಿ ಬಿಟ್ಟು ಬೆಂಗಳೂರು ದಾರಿ ಹಿಡಿಯಬೇಕಾಯಿತು. ಉರ್ದುವಿನಲ್ಲಿ ಕಲಿತ ಮೇಷ್ಟ್ರುಗಳು ಕನ್ನಡದಲ್ಲಿ ಹಾಜರಿ ಬರೆಯೋಕೆ ಕೂತರು. ಹಳೇ ಮೈಸೂರಿನ ಶಾಲೆಗಳಿಗೆ ಅರಮನೆ ಕಾಲದಿಂದ ಬಂದ ಫೋಟೋ, ಪುಸ್ತಕ, ಪದಕದ ಪೆಟ್ಟಿಗೆ ಇದೆ. ನಮ್ಮ ಕಡೆಯ ನೆನಪು ಎರಡು ರಾಜ್ಯ, ಮೂರು ಭಾಷೆಯಲ್ಲಿ ಹರಿದು ಹಂಚಿ ಹೋಗಿದೆ. ನಮ್ಮೂರಿನ ಇಂಥ ಎಷ್ಟೋ ಚರಿತ್ರೆ ಕಪಾಟಿನಲ್ಲಿಲ್ಲ, ಯಾರದೋ ಮನೆಯ ಟ್ರಂಕಿನಲ್ಲಿದೆ.

ಕಾಕಾನ ಟ್ರಂಕೂ ಅಂಥದ್ದೇ.

ಟ್ರಂಕಿನ ಲಾಗ್ ಬುಕ್

ಕಮಲಾಪುರ ಗೊತ್ತಿಲ್ಲದವರಿಗೆ ಒಂದು ಮಾತು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಮಹಾಗಾಂವ ಕ್ರಾಸ್ ದಾಟಿ ಹೋದರೆ ಸಿಗೋ ಊರು. ಕೆಲವು ವರ್ಷದ ಹಿಂದಷ್ಟೇ ತಾಲ್ಲೂಕಾಗಿದೆ. ಸುತ್ತ ಎಲ್ಲ ತೊಗರಿ ಬೆಳೆಯೋ ಎರೆ ಭೂಮಿ ಇದ್ದರೆ ಇಲ್ಲಿ ಮಾತ್ರ ಕೆಂಪು ಮಣ್ಣಿನ ತೋಟ, ಅದರಲ್ಲಿ ಕೆಂಪು ಬಾಳೆ. ಜಿಐ ಟ್ಯಾಗ್ ಇರೋ ಹಣ್ಣು. ಬಸ್ಸಲ್ಲಿ ಆ ಕಡೆ ಹೋದವರು ಒಂದು ಡಜನ್ ಹಿಡಿದುಕೊಂಡೇ ಮನೆಗೆ ಬರೋದು.

ಕಾಕಾನ ಲಾಗ್ ಬುಕ್ ಅಂದರೆ ದಪ್ಪ ರಟ್ಟಿನ ನಾಲ್ಕು ರಿಜಿಸ್ಟರ್. ನೀಲಿ ಶಾಯಿ, ಕೆಲವು ಕಡೆ ಹುಡುಗರ ಅಕ್ಷರ. ಒಂದು ಪುಟಕ್ಕೆ ರೀಫ್ ನಾಟ್ ಹಾಕಿದ ಸುತಳಿ ಹೊಲಿದಿದ್ದಾರೆ. ಇನ್ನೊಂದರಲ್ಲಿ ಶಿಬಿರದ ಲೆಕ್ಕ: ಅಕ್ಕಿ ಇಷ್ಟು, ಬ್ಯಾಳಿ ಇಷ್ಟು, ಸೀಮೆಎಣ್ಣೆ ಇಷ್ಟು, "ಉಳ್ಳಾಗಡ್ಡಿ ಊರವರು ಪುಕ್ಕಟೆ ಕೊಟ್ಟರು." ಓದ್ತಾ ಓದ್ತಾ ನಾನೇ ಗೈಡ್ ಆಗಿದ್ದ ದಿನ ನೆನಪಾದವು. ಎಡಗೈ ಕುಲುಕೋದು, ಮೂರು ಬೆರಳಿನ ಸಲ್ಯೂಟು, ಕೊರಳಿನ ಸ್ಕಾರ್ಫು.

ನಮ್ಮಲ್ಲಿ ಗೌರವದ ಮೆಟ್ಟಿಲು ಹೀಗಿದೆ. ಮೊದಲು ಪ್ರವೇಶ. ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ. ಅದಾದ ಮೇಲೆ ರಾಜ್ಯಪಾಲರ ಹೆಸರಲ್ಲಿ ಬರೋ ರಾಜ್ಯ ಪುರಸ್ಕಾರ. ಎಲ್ಲಕ್ಕಿಂತ ಮೇಲೆ ರಾಷ್ಟ್ರಪತಿ ಪುರಸ್ಕಾರ. ಪ್ರತಿ ಹಂತಕ್ಕೂ ಕಲಿಯೋದು ಇದೆ. ಗಂಟು ಹಾಕೋದು, ಪ್ರಥಮ ಚಿಕಿತ್ಸೆ, ಒಲೆ ಹೂಡಿ ಅಡುಗೆ, ನಕಾಶೆ ನೋಡಿ ನಡೆಯೋದು, ಬಿದಿರು ಹಗ್ಗದಲ್ಲಿ ಸೇತುವೆ ಕಟ್ಟೋದು. ಮೇಲಿನ ಎರಡಕ್ಕೆ ಪರೀಕ್ಷಾ ಶಿಬಿರಕ್ಕೆ ಹೋಗಿ, ಬೇರೆ ಊರಿನ ಪರೀಕ್ಷಕರ ಮುಂದೆ ಮಾಡಿ ತೋರಿಸಬೇಕು.

"ಅಂದ್ರ ನಮ್ಮಲ್ಲಿ ವೋಟ್ ಇಲ್ಲ. ಪರೀಕ್ಷಾ ಪಾಸಾದ್ರ ಆಯ್ತು, ಹೌದಲ್ಲ ಕಾಕಾ?" ಅಂದೆ.

ಕಾಕಾ ಕನ್ನಡಕ ಏರಿಸಿ ಎರಡನೇ ರಿಜಿಸ್ಟರ್ ತೆಗೆದರು. "ಪರೀಕ್ಷಾ ಪಾಸಾಗೂದು ಆಮ್ಯಾಲಿಂದು. ಮೊದಲ ಯಾರನ್ನ ಕಳಸ್ಬೇಕು? ಅದನ್ನ ಯಾರು ಹೇಳ್ತಾರ? ಇದು ಓದು."

ಪುಟದ ಮೇಲೆ ಬರೆದಿತ್ತು: ಕೋರ್ಟ್ ಆಫ್ ಆನರ್.

ಇದನ್ನ ನಾನು ಮರೆತೇಬಿಟ್ಟಿದ್ದೆ. ನಿಮಗೂ ಮರೆತಿರಬಹುದು. ಸ್ಕೌಟ್ ದಳದಲ್ಲಿ ಆರರಿಂದ ಎಂಟು ಮಕ್ಕಳಿಗೆ ಒಂದು ಪೆಟ್ರೋಲ್, ಅದಕ್ಕೊಬ್ಬ ಲೀಡರ್. ಈ ಲೀಡರುಗಳೆಲ್ಲ ಕೂಡಿ ಕೂರೋ ಸಭೆಯೇ ಕೋರ್ಟ್ ಆಫ್ ಆನರ್. ದಳದ ಕಾರ್ಯಕ್ರಮ, ಹಣ, ಶಿಸ್ತು, ಮೆಚ್ಚುಗೆ ಎಲ್ಲ ಅಲ್ಲೇ ತೀರ್ಮಾನ. ಸ್ಕೌಟ್ ಮಾಸ್ಟರ್ ಅಲ್ಲಿ ಸಲಹೆಗಾರ ಮಾತ್ರ, ಕೂತು ಕೇಳೋದು ಅವರ ಕೆಲಸ. ಬೇಡನ್ ಪೊವೆಲ್ ಕಾಲದಿಂದ ಬಂದ ವ್ಯವಸ್ಥೆ ಇದು. ಅಮೆರಿಕದವರು ಬೇರೆ ಸಂಘ ಕಟ್ಟಿ ಮಾಡಿದ್ದನ್ನ ಇಲ್ಲಿ ನಾಲ್ಕು ಹುಡುಗರು ಬೇವಿನ ಗಿಡದ ಕೆಳಗೆ ಕೂತು ಮಾಡ್ತಿದ್ದರು.

ಆ ಪುಟದಲ್ಲಿ ಇದ್ದದ್ದು ಇಷ್ಟು. ನಾಲ್ವರು ಲೀಡರುಗಳು ಹಾಜರು. ವಿಷಯ, ರಾಜ್ಯ ಪುರಸ್ಕಾರಕ್ಕೆ ಯಾರ ಹೆಸರು ಮೊದಲು. ಕ್ಲಾಸಿಗೆ ಫಸ್ಟ್ ಬರೋ ಹುಡುಗ ಒಬ್ಬ ಇದ್ದ, ಡ್ರಿಲ್‌ನಲ್ಲಿ ಚುರುಕಾದವನು ಇನ್ನೊಬ್ಬ ಇದ್ದ. ನಾಲ್ವರೂ ಅವರಿಬ್ಬರ ಹೆಸರು ಎರಡನೇದು ಮೂರನೇದಾಗಿ ಹೇಳಿದ್ದಾರೆ. ಮೊದಲ ಹೆಸರು ಒಬ್ಬ ಸುಮ್ಮನಿರೋ ಹುಡುಗನದ್ದು. ಕಾರಣವನ್ನ ಒಬ್ಬ ಲೀಡರ್ ತನ್ನ ಅಕ್ಷರದಲ್ಲೇ ಬರೆದಿದ್ದಾನೆ. ಶಿಬಿರದಲ್ಲಿ ರಾತ್ರಿ ಸಣ್ಣ ಹುಡುಗನೊಬ್ಬನಿಗೆ ಜ್ವರ ಬಂದಾಗ ಇವನು ಬೆಳತನಕ ಒದ್ದೆ ಬಟ್ಟೆ ಹಾಕ್ತಾ ಕೂತಿದ್ದ, ಬೆಳಿಗ್ಗೆ ಎದ್ದು ಎಂದಿನಂತೆ ನೀರು ಹೊತ್ತ, ಯಾರಿಗೂ ಹೇಳಲಿಲ್ಲ.

"ನಿಮಗ ಗೊತ್ತಿತ್ತೇನು ಕಾಕಾ?"

"ನನಗೆಲ್ಲಿ ಗೊತ್ತವ್ವಾ? ನಾ ಬ್ಯಾರೆ ಟೆಂಟಿನಾಗ ಗೊರಕಿ ಹೊಡೀತಿದ್ದೆ. ಅವ್ರು ಹೇಳಿದ ಮ್ಯಾಲೆ ಗೊತ್ತಾತು."

ಗುಡ್‌ಮನ್‌ಗೆ ನಡುಗಡ್ಡೆಯಲ್ಲಿ ಹೊಳೆದದ್ದೂ ಇದೇ. ಟೆಂಟ್ ಒಳಗಿನ ಮಾತು ಟೆಂಟ್ ಒಳಗಿನವನಿಗೇ ಗೊತ್ತು.

ಬರದೇ ಹೋದ ಕಾಗದ

ಕಥೆ ಇಲ್ಲಿಗೇ ಮುಗಿದಿದ್ದರೆ ಆ ಹುಡುಗನ ಮನೆ ಗೋಡೆ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಇರ್ತಿತ್ತು. ಇಲ್ಲ. ಪರೀಕ್ಷಾ ಶಿಬಿರ ಬಂದದ್ದು ಡಿಸೆಂಬರಿನಲ್ಲಿ. ನಮ್ಮ ಕಡೆ ಅದು ತೊಗರಿ ರಾಶಿ ಕಾಲ. ಮನೇಲಿ ಎಷ್ಟು ಕೈ ಇದ್ದರೂ ಸಾಲದು. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕಾಕಾ ಬರೆದಿದ್ದಾರೆ: "ಗೈರು. ಹೊಲ."

"ಹ್ಯಾಂಗಾರ ಮಾಡಿ ಕರ್ಕೊಂಡು ಹೋಗಬೇಕಿತ್ತಲ್ಲ?" ಅಂದೆ.

"ಅವರಪ್ಪಂದು ಎರಡ ಎಕರೆ ಹೊಲ. ವರ್ಷಿನ ಕೂಳು ಅದು. ರಾಶಿ ಬಿಟ್ಟು ಬಾ ಅಂತ ಯಾವ ಬಾಯಿಲೆ ಹೇಳ್ಲಿ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ವರ್ಷ ಅವಾ ಸಾಲಿನೇ ಬಿಟ್ಟಾ" ಅಂದರು.

ಇಂಥ ಗೈರುಗಳನ್ನ ಯಾವ ಸಂಸ್ಥೆಯೂ ಲೆಕ್ಕ ಇಡೋದಿಲ್ಲ. ರಾಜ್ಯ ಪುರಸ್ಕಾರ ಪಡೆದವರ ಪಟ್ಟಿ ಬೆಂಗಳೂರಿನಲ್ಲಿರುತ್ತೆ, ರಾಷ್ಟ್ರಪತಿ ಪುರಸ್ಕಾರದವರ ಪಟ್ಟಿ ದಿಲ್ಲಿಯಲ್ಲಿರುತ್ತೆ. ಗೆಳೆಯರು ಮೊದಲ ಹೆಸರು ಹೇಳಿದರೂ ಹೋಗಲಾಗದವರ ಪಟ್ಟಿ ಮಾತ್ರ ಊರಿನ ಲಾಗ್ ಬುಕ್ಕಿನಲ್ಲಿರುತ್ತೆ. ಆ ಪುಸ್ತಕ ಗೆದ್ದಲು ತಿಂದರೆ ಅದೂ ಹೋಯಿತು.

ಆ ಹುಡುಗ ಈಗ ಹುಡುಗನಲ್ಲ. ನಡುವಯಸ್ಸು ದಾಟ್ತಿದೆ. ಕಮಲಾಪುರದ ಕಡೆಯಿಂದ ಬಾಳೆಹಣ್ಣು ತಂದು ಕಲಬುರಗಿ ಮಾರ್ಕೆಟ್ಟಿಗೆ ಹಾಕ್ತಾರೆ. ದಳದ ಹಳೆಯ ಹುಡುಗರು ಇವತ್ತಿಗೂ ಅವರನ್ನ ಕರೆಯೋದು "ಲೀಡರ್" ಅಂತ. ಅವರು ಪೆಟ್ರೋಲ್ ಲೀಡರ್ ಆಗಿರಲೇ ಇಲ್ಲ ಅನ್ನೋದು ಬೇರೆ ಮಾತು.

2020ರ ಮಾರ್ಚ್ ನಿಮಗೆ ನೆನಪಿರಲೇಬೇಕು. ದೇಶದಲ್ಲೇ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯ ಹಿರಿಯರೊಬ್ಬರದ್ದು. ಬೇರೆ ಊರಿನವರು ಇನ್ನೂ ಮೀಮ್ ಕಳಿಸ್ತಿದ್ದಾಗಲೇ ನಮ್ಮೂರ ಬೀದಿ ಖಾಲಿಯಾಗಿತ್ತು. ನಾನು ಆಗ ಬೆಂಗಳೂರಿನಲ್ಲಿ ಪಿಜಿ ರೂಮಿನೊಳಗೆ. ಅವ್ವ ಕಲಬುರಗಿಯಲ್ಲಿ ಒಬ್ಬಳೇ. ಬಿಪಿ ಮಾತ್ರೆ ಮುಗೀತಾ ಬಂದಿತ್ತು. ಡೆಲಿವರಿ ಆ್ಯಪ್‌ಗಳೆಲ್ಲ ಕೈ ಎತ್ತಿದ್ದವು. ಕಾಕಾಗೆ ಫೋನ್ ಮಾಡಿದೆ. ಅವರೂ ಹೊರಗೆ ಕಾಲಿಡೋ ಹಾಗಿರಲಿಲ್ಲ.

"ಒಬ್ಬಾತನಿಗೆ ಹೇಳ್ತೀನಿ ತಡಿ" ಅಂದರು.

ಹಣ್ಣು ತರಕಾರಿ ಗಾಡಿಗೆ ಪಾಸ್ ಇತ್ತು. ಮಾರನೇ ದಿನ ಬೆಳಿಗ್ಗೆ ಅವ್ವನ ಬಾಗಿಲಿಗೆ ಮಾತ್ರೆ ಬಂತು. ಗೇಟಿನ ಹೊರಗೇ ಇಟ್ಟು, ದೂರ ನಿಂತು, "ಅವ್ವಾರ, ಚೀಟಿ ನೋಡಿ ಸರಿ ಅದಾವೇನು ನೋಡ್ಕೊಳ್ರಿ" ಅಂದು ಹೋದರಂತೆ. ಜೊತೆಗೆ ಆರು ಕೆಂಪು ಬಾಳೆಹಣ್ಣು. ದುಡ್ಡು ಕೊಡೋಕೆ ಹೋದರೆ ಮಾತ್ರೆಯ ರೊಕ್ಕ ಮಾತ್ರ ತಗೊಂಡರು. ಆ ತಿಂಗಳು ಹೀಗೆ ಎಷ್ಟು ಮನೆಗೆ ಕೊಟ್ಟರು ಅಂತ ಅವರೂ ಹೇಳಲಿಲ್ಲ, ನಮಗೂ ತಿಳಿಯಲಿಲ್ಲ.

ರಿಜಿಸ್ಟರ್ ಓದಿದ ದಿನ ಕಾಕಾ ಹೇಳಿದರು: ಆ ಒಬ್ಬಾತ ಇವರೇ. ಆ ನಾಲ್ಕು ಹುಡುಗರ ಆಯ್ಕೆ ಎಷ್ಟು ಸರಿ ಇತ್ತು ಅಂತ ಆಗ ಅನಿಸಿತು.

ಕೋಟಾ ಬೇಡವಾ ಹಾಗಾದರೆ?

ಇಷ್ಟು ಓದಿ "ಸರ್ಟಿಫಿಕೇಟ್ ಎಲ್ಲ ದಂಡ ಅಂತೀರಾ?" ಅಂತ ಕೇಳಬೇಡಿ. ಹಾಗೆ ಅನ್ನೋಕೆ ನನಗೆ ಹಕ್ಕಿಲ್ಲ.

ಕೆಇಎ ಸೀಟು ಹಂಚುವಾಗ ಇರೋ ವಿಶೇಷ ಪ್ರವರ್ಗಗಳಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೂಡ ಒಂದು. ರೈಲ್ವೆಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾದ ಕೆಲಸಗಳಿವೆ. ಅದಕ್ಕೆ ರಾಷ್ಟ್ರಪತಿ ಪುರಸ್ಕಾರ ಅಥವಾ ಹಿಮಾಲಯನ್ ವುಡ್ ಬ್ಯಾಡ್ಜ್ ಕೇಳ್ತಾರೆ. 371(ಜೆ)ಗಾಗಿ ವರ್ಷಗಟ್ಟಲೆ ಹೋರಾಡಿದ ನಾಡು ನಮ್ಮದು. ಒಂದು ಸೀಟು, ಒಂದು ನೌಕರಿ ಇಡೀ ಮನೆಯನ್ನ ಎತ್ತಿ ನಿಲ್ಲಿಸೋದನ್ನ ನೋಡಿದ್ದೀವಿ. ಹಾಗಿರುವಾಗ ಕಾಗದ ಬೇಡ ಅನ್ನೋದು ಹೊಟ್ಟೆ ತುಂಬಿದವರ ಮಾತಾಗುತ್ತೆ.

ನನ್ನ ತಕರಾರು ಬೇರೆ. ಕಾಗದದ ಬೆಲೆ ಏರಿದಂತೆಲ್ಲ ಗೆಳೆಯರ ಸಭೆ ಬಾಡುತ್ತೆ. ಯಾರನ್ನ ಕಳಿಸಬೇಕು ಅನ್ನೋದನ್ನ ಅಪ್ಪ ಅಮ್ಮನ ಆಸೆ ತೀರ್ಮಾನ ಮಾಡುತ್ತೆ. ಲಾಗ್ ಬುಕ್ಕನ್ನ ಮನೇಲಿ ಅಕ್ಕ ಅಲಂಕಾರ ಮಾಡಿ ಬರೆದುಕೊಡ್ತಾಳೆ. ಗಂಟು ಹಾಕೋದನ್ನ ಯೂಟ್ಯೂಬ್ ನೋಡಿ ಹಿಂದಿನ ರಾತ್ರಿ ಕಲೀತಾರೆ. ಪರೀಕ್ಷಕರಿಗೆ ಗಂಟು ಕಾಣುತ್ತೆ, ರಾತ್ರಿ ಎಚ್ಚರ ಕೂತದ್ದು ಕಾಣೋದಿಲ್ಲ. ಅದನ್ನ ಕಂಡವರು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು. ಅವರನ್ನ ಕೇಳೋರೇ ಇಲ್ಲ ಅಂದರೆ ರಾಜ್ಯ ಪುರಸ್ಕಾರ ಇನ್ನೊಂದು ಕ್ರಾಶ್ ಕೋರ್ಸ್ ಆಗುತ್ತೆ.

ಇದಕ್ಕೆ ಹೊಸ ನಿಯಮ ಬೇಕಾಗಿಲ್ಲ. ಕೋರ್ಟ್ ಆಫ್ ಆನರ್ ಈಗಲೂ ಪುಸ್ತಕದಲ್ಲಿದೆ. ನಿಮ್ಮ ಮನೆಯಲ್ಲಿ ತಮ್ಮ, ತಂಗಿ, ಅಕ್ಕನ ಮಕ್ಕಳು ಸ್ಕೌಟ್ಸ್ ಗೈಡ್ಸ್‌ನಲ್ಲಿದ್ದರೆ ಒಂದೇ ಪ್ರಶ್ನೆ ಕೇಳಿ: "ನಿಮ್ಮ ದಳದಲ್ಲಿ ಕೋರ್ಟ್ ಆಫ್ ಆನರ್ ಕೂರುತ್ತಾ? ನಿನ್ನ ಬಗ್ಗೆ ನಿನ್ನ ಪೆಟ್ರೋಲಿನವರು ಏನಂದ್ರು?" ಮಾರ್ಕ್ಸ್ ಎಷ್ಟು ಬಂತು ಅನ್ನೋದನ್ನ ಆಮೇಲೆ ಕೇಳಿದರಾಯ್ತು.

ಶಾಲೆ ಬಿಟ್ಟು ಆಫೀಸ್ ಸೇರಿದ ನಮಗೂ ಇದರಲ್ಲಿ ಒಂದು ಮಾತಿದೆ. ವರ್ಷಕ್ಕೊಮ್ಮೆ ಅಪ್ರೈಸಲ್ ಅಂತ ಕೂರ್ತೀವಲ್ಲ, ಅಲ್ಲೂ ಮೇಲಿನವರಿಗೆ ಕಾಣೋದು ಸಲ್ಯೂಟು. ರಿಲೀಸ್ ರಾತ್ರಿ ಹೊಸಬನ ಪಕ್ಕ ಕೂತು ತಪ್ಪು ಹುಡುಕಿಕೊಟ್ಟವಳು ಯಾರು ಅಂತ ಟೀಮಿಗೆ ಗೊತ್ತು, ಎಕ್ಸೆಲ್ ಶೀಟಿಗೆ ಗೊತ್ತಿಲ್ಲ. ಅವಳ ಹೆಸರನ್ನ ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಹೇಳೋ ಕೆಲಸ ನಮ್ಮದು.

ಊರಿನ ಪುಟ ನಾವೇ ಬರೆಯೋದು

ಅಮೆರಿಕದ ಅಕ್ಕನಿಗೆ ಕಾಕಾನ ರಿಜಿಸ್ಟರಿನ ಆ ಪುಟದ ಫೋಟೋ ಕಳಿಸಿದೆ. ಮಗನಿಗೆ ಓದಿ ಹೇಳಿದಳಂತೆ. ಅವನು ಕೇಳಿದ ಮೊದಲ ಪ್ರಶ್ನೆ, "ಆ ಜ್ವರದ ಹುಡುಗ ಎಲ್ಲಿದ್ದಾನೆ?" ಅಂತ. ನಾನು ಅದನ್ನ ಯೋಚಿಸಿಯೇ ಇರಲಿಲ್ಲ. ಕಾಕಾನ ಹತ್ತಿರ ಅವನ ಹೆಸರಿದೆ, ಊರಿದೆ. ಹುಡುಕ್ತಿದ್ದೀವಿ.

ಈಗ ಭಾನುವಾರಗಳಲ್ಲಿ ನಾನೂ ಕಾಕಾನೂ ಒಂದು ಕೆಲಸ ಹಚ್ಚಿಕೊಂಡಿದ್ದೀವಿ. ರಿಜಿಸ್ಟರಿನ ಪ್ರತಿ ಪುಟದ ಫೋಟೋ ಫೋನಿನಲ್ಲಿ ತೆಗೀತೀನಿ. ಅವರು ಹೆಸರು ಓದ್ತಾರೆ, ಗೊತ್ತಿದ್ದಷ್ಟು ಹೇಳ್ತಾರೆ, ನಾನು ವಾಯ್ಸ್ ರೆಕಾರ್ಡ್ ಮಾಡ್ತೀನಿ. ಗ್ರೂಪ್ ಫೋಟೋ ಬಂದರೆ ಹಿಂದೆ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಹೆಸರು ಬರೀತೀವಿ. ಒಂದು ಫೋಟೋಕ್ಕೆ ಅರ್ಧ ಗಂಟೆ ಹಿಡಿಯುತ್ತೆ, ಯಾಕಂದರೆ ಪ್ರತಿ ಮುಖಕ್ಕೂ ಒಂದು ಕಥೆ ಬರುತ್ತೆ. ನಡುವೆ ಕಾಕು ಚುರುಮುರಿ ಸೂಸಲ, ಚಾ ತಂದಿಟ್ಟು "ಇನ್ನಾ ಮುಗೀಲಿಲ್ಲೇನು ನಿಮ್ಮ ಪುರಾಣ?" ಅಂತಾರೆ.

ಕಲಬುರಗಿ, ಬೀದರ, ಯಾದಗಿರಿ, ರಾಯಚೂರಿನ ಎಷ್ಟೋ ಮನೆಗಳಲ್ಲಿ ಇಂಥ ಟ್ರಂಕ್ ಇರಬೇಕು. ಉರ್ದುವಿನಲ್ಲಿ ಬರೆದ ಹಾಜರಿ, ಗುಲ್ಬರ್ಗ ಅಂತ ಸೀಲ್ ಬಿದ್ದ ಕಾಗದ, ಬಣ್ಣ ಹೋದ ಸ್ಕಾರ್ಫು. ನಿವೃತ್ತರಾದ ಮೇಷ್ಟ್ರು, ಅಕ್ಕೋರು ಇನ್ನೂ ನಮ್ಮ ಜೊತೆ ಇರುವಾಗಲೇ ಕೇಳಬೇಕು. ಊರಿಗೆ ಹೋದಾಗ ಒಂದು ಸಂಜೆ ಸಾಕು. ಕೇಳುವಾಗ "ಯಾರಿಗೆ ಪುರಸ್ಕಾರ ಬಂತು?" ಅಂತ ಮಾತ್ರ ಕೇಳಬೇಡಿ. "ಹುಡುಗ್ರು ಯಾರ ಹೆಸರು ಹೇಳಿದ್ರು?" ಅಂತಲೂ ಕೇಳಿ.

ನಿಮ್ಮ ದಳದಲ್ಲಿ ಆ ಹೆಸರು ಯಾರದಿತ್ತು? ಅವರ ನಂಬರ್ ನಿಮ್ಮ ಫೋನಿನಲ್ಲಿದ್ದರೆ ಇವತ್ತೇ ಒಂದು ಕಾಲ್ ಮಾಡಿ. ಈ ಡಿಸೆಂಬರಿನ ರಾಶಿ ಮುಗಿದ ಮೇಲೆ ಕಮಲಾಪುರದಲ್ಲಿ ಹಳೆಯ ಹುಡುಗರೆಲ್ಲ ಸೇರೋಣ ಅಂತ ಕಾಕಾ ಹೇಳ್ತಿದ್ದಾರೆ. ತಾರೀಖು ಇನ್ನೂ ಇಟ್ಟಿಲ್ಲ. ಮೊದಲು ಹೊಲದವರನ್ನ ಕೇಳಿ ಆಮೇಲೆ ಇಡೋಣ ಅಂದಿದ್ದಾರೆ.